ಪದವಿಯ ಜೊತೆಗೆ ಪರಿಚಯವೂ ಬೇಕು
(ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



‘ಕಾಲೇಜಿಗೆ ಹೋಗು, ಪಾಠ ಕೇಳು, ನೇರವಾಗಿ ಮನೆಗೆ ಬಾ.’ ನಮ್ಮ ಮಕ್ಕಳಿಗೆ ನಾವು ನೀಡುತ್ತಾ ಬಂದಿರುವ ಉಪದೇಶವಿದು. ಇದರ ಹಿಂದಿರುವ ಕಾಳಜಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೀಗೆ ಹೋಗಿ ಹೀಗೆ ಬಂದ ಮಗ ಮೂರು ವರ್ಷಗಳ ಬಳಿಕ ಅಂಕಪಟ್ಟಿ ಹಿಡಿದುಕೊಂಡು ನಿಂತಾಗ, ಅವನ ಹೆಸರು ಬಲ್ಲ ಒಬ್ಬ ಉಪನ್ಯಾಸಕರೂ ಇರುವುದಿಲ್ಲ. ಆಗ ನಾವು ಪಕ್ಷಪಾತವನ್ನು ದೂರುತ್ತೇವೆ.

ಪಕ್ಷಪಾತ ಇಲ್ಲವೆಂದಲ್ಲ. ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ನಡೆಸಿದ ಅಧ್ಯಯನವೊಂದು 2007ರಲ್ಲಿ ‘ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟವಾಯಿತು. ಪತ್ರಿಕಾ ಜಾಹೀರಾತು ನೀಡಿದ್ದ ಖಾಸಗಿ ಕಂಪೆನಿಗಳಿಗೆ ಅವರು ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳುಹಿಸಿದ್ದರು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ಮುಸ್ಲಿಮ್ ಹೆಸರಿನ ಅರ್ಜಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಒಂದರಷ್ಟಿತ್ತು. ಇದರ ವಿರುದ್ಧ ಕಾನೂನಿನ ಹೋರಾಟ ನಡೆಯಲೇಬೇಕು. ಆದರೆ ಒಂದನ್ನು ಗಮನಿಸಿ. ಅಲ್ಲಿ ಸೋತದ್ದು ಮುಖವಿಲ್ಲದ ಅರ್ಜಿ. ಹೆಸರೊಂದನ್ನೇ ನೋಡಿ ಕಾಗದವನ್ನು ಬದಿಗಿಡುವುದು ಸುಲಭ. ‘ಈ ಹುಡುಗ ನನ್ನ ಬಳಿ ಎರಡು ತಿಂಗಳು ಕೆಲಸ ಕಲಿತಿದ್ದಾನೆ, ನಂಬಬಹುದು’ ಎಂದು ಒಬ್ಬರು ಹೇಳಿದ ಮೇಲೆ ಬದಿಗಿಡುವುದು ಅಷ್ಟು ಸುಲಭವಲ್ಲ.

ಹಾಗೆ ನೋಡಿದರೆ ಪರಿಚಯದ ಬಲ ನಮಗೆ ಹೊಸತೇ? ಕರಾವಳಿಯ ಮನೆಗಳಿಂದ ಗಲ್ಫಿಗೆ ಹೋದವರನ್ನು ಕೇಳಿ. ಮಾವ ವೀಸಾ ಕಳುಹಿಸಿದರು, ಭಾವ ಕೋಣೆಯಲ್ಲಿ ಜಾಗ ಕೊಟ್ಟರು, ಊರಿನವರೊಬ್ಬರು ಅಂಗಡಿಯಲ್ಲಿ ಕೆಲಸ ಕೊಡಿಸಿದರು. ಆ ಸರಪಳಿ ಅದೆಷ್ಟೋ ಕುಟುಂಬಗಳನ್ನು ಸಾಕಿದೆ. ಆದರೆ ಮಾವನಿಗೆ ತಿಳಿದಿದ್ದ ಕೆಲಸಕ್ಕಿಂತ ಬೇರೆಯದನ್ನು ಅದು ತೋರಿಸಲಿಲ್ಲ. ಲೆಕ್ಕಪರಿಶೋಧಕರ ಕಚೇರಿ, ಪ್ರಯೋಗಾಲಯ, ನ್ಯಾಯಾಲಯ, ಪತ್ರಿಕಾಲಯಗಳ ಬಾಗಿಲು ಆ ಸರಪಳಿಯ ಆಚೆಗಿತ್ತು.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದನ್ನೇ ಹೇಳಿದರು. ಬೋಸ್ಟನ್ ಸಮೀಪದ ಪಟ್ಟಣವೊಂದರಲ್ಲಿ ಪರಿಚಿತರ ಮೂಲಕ ಉದ್ಯೋಗ ಪಡೆದವರನ್ನು ಅವರು ವಿಚಾರಿಸಿದ್ದರು. ಪದೇ ಪದೇ ಭೇಟಿಯಾಗುವ ಆಪ್ತರಿಂದ ಸುದ್ದಿ ಸಿಕ್ಕಿದ್ದು ಶೇ. 16.7 ಮಂದಿಗೆ ಮಾತ್ರ. ಆಗೊಮ್ಮೆ ಈಗೊಮ್ಮೆ ಸಿಗುವವರಿಂದ ಶೇ. 55.6, ಅಪರೂಪಕ್ಕೆ ಸಿಗುವವರಿಂದ ಶೇ. 27.8. ಆಪ್ತನಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದ ಪರಿಚಯದಿಂದ.

ಮದೀನಾದ ಇತಿಹಾಸವನ್ನು ನಾವು ಪ್ರವಚನಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಪ್ರವಾದಿ(ಸ)ರು ಅಬ್ದುರ್ರಹ್ಮಾನ್ ಬಿನ್ ಔಫ್(ರ)ರನ್ನು ಸಅದ್ ಬಿನ್ ರಬೀಅ್(ರ)ರ ಸಹೋದರನನ್ನಾಗಿ ಮಾಡಿದರು. ಸಅದ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ನೀಡಲು ಮುಂದಾದರು. ಅಬ್ದುರ್ರಹ್ಮಾನ್(ರ) ಅವರಿಗಾಗಿ ಪ್ರಾರ್ಥಿಸಿ, ಮಾರುಕಟ್ಟೆ ಎಲ್ಲಿದೆಯೆಂದಷ್ಟೇ ಕೇಳಿದರು. ಅವರು ಹೋದ ಮಾರುಕಟ್ಟೆ ಬನೂ ಕೈನುಕಾಅ್ ಎಂಬ ಯಹೂದಿ ಗೋತ್ರದ್ದು. ಸಹೋದರನಿಂದ ದಾರಿ ಕೇಳಿ, ಅಪರಿಚಿತರ ನಡುವೆ ವ್ಯಾಪಾರ ಮಾಡಿದರು. ಈ ಭಾಗ ನಮ್ಮ ಪ್ರವಚನಗಳಲ್ಲಿ ಯಾಕೋ ಬೇಗನೆ ಮುಗಿದುಬಿಡುತ್ತದೆ.

ಶಿಫಾರಸು ಹರಾಮ್ ಅಲ್ಲವೇ ಎಂದು ಕೆಲವು ಯುವಕರು ಕೇಳುತ್ತಾರೆ. ಸೂರಃ ಅನ್ನಿಸಾದ 85ನೇ ಸೂಕ್ತವು ಒಳಿತಿನ ಶಿಫಾರಸನ್ನೂ ಕೆಡುಕಿನ ಶಿಫಾರಸನ್ನೂ ಬೇರ್ಪಡಿಸಿದೆ. ಅರ್ಹನ ಹಕ್ಕು ಕಸಿದು ಅನರ್ಹನನ್ನು ಕೂರಿಸುವುದು ಅನ್ಯಾಯ. ಅರ್ಹನೊಬ್ಬನಿದ್ದಾನೆಂದು ತಿಳಿಸುವುದು ಸಾಕ್ಷ್ಯ.

ಹಾಗಾದರೆ ವಿದ್ಯಾರ್ಥಿ ಮಾಡಬೇಕಾದುದೇನು? ಬಹಳವೇನಿಲ್ಲ. ತರಗತಿಯ ಬಳಿಕ ಉಪನ್ಯಾಸಕರಲ್ಲಿ ಒಂದು ಪ್ರಶ್ನೆ ಕೇಳಿ. ವಿಚಾರ ಸಂಕಿರಣಕ್ಕೆ ಹೋದರೆ ಹಿಂದಿನ ಸಾಲಿನಲ್ಲಿ ನಮ್ಮವರೊಂದಿಗೇ ಕೂರಬೇಡಿ. ಹಳೆ ವಿದ್ಯಾರ್ಥಿಯೊಬ್ಬರಿಗೆ ಪತ್ರ ಬರೆಯುವಾಗ ಕೆಲಸ ಕೇಳಬೇಡಿ. ಅವರು ಈ ವೃತ್ತಿಗೆ ಹೇಗೆ ಬಂದರೆಂದು ಕೇಳಿ. ಉತ್ತರಿಸಿದವರಿಗೆ ಫಲಿತಾಂಶ ಬಂದ ದಿನ ತಿಳಿಸಿ. ಕೆಲಸ ಬೇಕಾದಾಗ ಮಾತ್ರ ನೆನಪಾಗುವವನನ್ನು ಯಾರೂ ನೆನಪಿಡುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಇನ್ನಷ್ಟು ಯೋಚಿಸಬೇಕಾಗಿದೆ. 2022ರ ಹಿಜಾಬ್ ವಿವಾದದಲ್ಲಿ ಕಾಲೇಜು ಬದಲಿಸಿದವರು, ಓದು ಬಿಟ್ಟವರು ಕಳೆದುಕೊಂಡದ್ದು ಬರೀ ಪಾಠಗಳನ್ನಲ್ಲ. ತಮ್ಮನ್ನು ಬಲ್ಲ ಶಿಕ್ಷಕಿಯರನ್ನು, ಸಹಪಾಠಿಗಳನ್ನು ಕೂಡ. ಅದು ಹೊರಗಿನಿಂದ ಬಂದ ಅನ್ಯಾಯ. ಆದರೆ ಪದವಿಯಲ್ಲಿ ಮುಂದಿರುವ ಮಗಳನ್ನು ತರಬೇತಿಗೆ ಕಳುಹಿಸದೆ ನಾವೇ ತಡೆಯುವುದಕ್ಕೆ ಯಾವ ಸರಕಾರವನ್ನು ದೂರೋಣ?

ಜಮಾಅತಿನ ಹಿರಿಯರಲ್ಲಿ ಒಂದು ವಿನಂತಿ. ಮಸೀದಿಯಲ್ಲಿ ಚಂದಾ ಕೊಡುವವರ ಪಟ್ಟಿಯಿದೆ, ವೃತ್ತಿಯ ಪಟ್ಟಿಯಿಲ್ಲ. ಮೊಹಲ್ಲಾದಲ್ಲಿ ಎಷ್ಟು ಮಂದಿ ಇಂಜಿನಿಯರ್, ವಕೀಲ, ದಾದಿ, ಬ್ಯಾಂಕ್ ನೌಕರರಿದ್ದಾರೆಂದು ನಮಗೇ ತಿಳಿಯದು. ಇಂದು ಬಾಗಿಲ ಬಳಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಹೊರಡುವ ಮುನ್ನ ನಿಮ್ಮ ಹೆಸರು, ವೃತ್ತಿ ಮತ್ತು ತಿಂಗಳಲ್ಲಿ ಒಬ್ಬ ವಿದ್ಯಾರ್ಥಿಗೆ ಎಷ್ಟು ಹೊತ್ತು ಕೊಡಬಲ್ಲಿರೆಂಬುದನ್ನು ಬರೆದು ಹೋಗಿ. ಸಹೋದರಿಯರಿಗಾಗಿ ಇನ್ನೊಂದು ಪುಸ್ತಕ ಮಹಡಿಯಲ್ಲಿದೆ.