ಯಾರನ್ನು ಕೇಳಿ ಅಳೆಯಬೇಕು?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಆಸ್ಪತ್ರೆಯಿಂದ ರೋಗ ಗುಣವಾಗುತ್ತಿದೆಯೇ, ಕಾಲೇಜಿನಿಂದ ವಿದ್ಯೆ ದೊರೆಯುತ್ತಿದೆಯೇ ಎಂದು ಪರೀಕ್ಷಿಸಿ ನೋಡುವ ಶಾಸ್ತ್ರಕ್ಕೆ ಮೌಲ್ಯಮಾಪನ ಸಂಶೋಧನೆಯೆಂದು ಹೆಸರು. ಕನ್ನಡ ಪಂಡಿತರಾದ ನಮಗೆ ಇದರಲ್ಲಿ ಏನಧಿಕಾರವೆಂದು ತಾವು ಕೇಳಬಹುದು. ಉತ್ತರಪತ್ರಿಕೆ ತಿದ್ದುವುದೇ ನಮ್ಮ ಉದ್ಯೋಗವಾದುದರಿಂದ ಅಳೆಯುವವರ ದೋಷಗಳು ನಮಗೆ ಚೆನ್ನಾಗಿ ಪರಿಚಿತ.

1956ನೆಯ ಇಸವಿ. ನಮ್ಮ ಕಾಸರಗೋಡು ಮದರಾಸು ರಾಜ್ಯವನ್ನು ಬಿಟ್ಟು ಕೇರಳಕ್ಕೆ ಸೇರಿದ ವರ್ಷ. ಅದೇ ವರ್ಷ ಮದರಾಸಿನಲ್ಲಿ 193 ಮಂದಿ ಬಡ ಕ್ಷಯರೋಗಿಗಳನ್ನು, ಚೀಟಿ ಎತ್ತಿದಂತೆ, ಎರಡು ಪಂಗಡವಾಗಿ ವಿಂಗಡಿಸಿ ಒಂದನ್ನು ಸ್ಯಾನಿಟೋರಿಯಮ್ಮಿನಲ್ಲಿಟ್ಟರು. ಇನ್ನೊಂದಕ್ಕೆ ಅದೇ ಔಷಧವನ್ನು ಮನೆಯಲ್ಲಿಯೇ ಕೊಟ್ಟರು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಇಕ್ಕಟ್ಟಿನ ಮನೆ, ಸಾಲದ ಊಟ; ಆದರೂ ಮನೆಯಲ್ಲಿದ್ದವರು ಹೆಚ್ಚುಕಡಿಮೆ ಅಷ್ಟೇ ಗುಣ ಹೊಂದಿದ್ದರು.

ಇದಕ್ಕಿಂತಲೂ ನಮ್ಮ ಮನಸ್ಸನ್ನು ಹಿಡಿದುದು ತುಮಕೂರು ಜಿಲ್ಲೆಯ ವೃತ್ತಾಂತ. ಹಳ್ಳಿಗರು ಅಜ್ಞರು, ಕೆಮ್ಮು ಬಂದರೂ ಆಸ್ಪತ್ರೆಗೆ ಬರುವವರಲ್ಲವೆಂದು ವಿದ್ಯಾವಂತರು ನಂಬಿದ್ದ ಕಾಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಸಂಶೋಧಕರು ಆಸ್ಪತ್ರೆಯ ದಫ್ತರವನ್ನು ನೆಚ್ಚಲಿಲ್ಲ. ಕ್ಷಯವಿದೆಯೆಂದು ಎಕ್ಸ್‌ರೇಯಲ್ಲಿ ಕಂಡವರನ್ನೇ ವಿಚಾರಿಸಿದರು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು! ರೋಗವನ್ನು ಕಂಡುಹಿಡಿಯದೆ, ಕೆಮ್ಮಿನ ಔಷಧದ ಸೀಸೆಯನ್ನು ಕೈಗಿತ್ತು ಕಳುಹಿಸಿದ್ದರಷ್ಟೆ. 1963ರಲ್ಲಿ ಈ ವರದಿ ಅಚ್ಚಾಯಿತು. ಕೆಮ್ಮೆಂದು ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಪರೀಕ್ಷಿಸುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಇಂತಹ ಶೋಧನೆಯೇ ಆಧಾರವಾಯಿತು.

ಇನ್ನು ಕಾಲೇಜಿನ ವಿಚಾರ. ಕಾಲೇಜುಗಳ ಗುಣವನ್ನು ಅಳೆಯಲು 1994ರಲ್ಲಿ ನ್ಯಾಕ್ ಎಂಬ ಸಂಸ್ಥೆ ಹುಟ್ಟಿತು. ಅದರ ಕೇಂದ್ರವೂ ಬೆಂಗಳೂರೇ. ಕಾಲೇಜು ತನ್ನ ವರದಿಯನ್ನು ತಾನೇ ಬರೆದು ಒಪ್ಪಿಸುವುದು ಕ್ರಮ. 2017ರ ಪರಿಷ್ಕರಣದಲ್ಲಿ ವಿದ್ಯಾರ್ಥಿಗಳ ಅಭಿಪ್ರಾಯ ಕೇಳುವ ಪದ್ಧತಿಯೂ ಸೇರಿತು. ಒಳ್ಳೆಯದೇ. ಆದರೆ ಕೇಳಿದ್ದು ತರಗತಿಯಲ್ಲಿ ಉಳಿದವರನ್ನು.

ಕಳೆದ ವರ್ಷ ಬಸ್ ನಿಲ್ದಾಣದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕಂಡ. ಹಳೆಗನ್ನಡ ಪದ್ಯವನ್ನು ತಪ್ಪಿಲ್ಲದೆ ಅನ್ವಯಿಸುತ್ತಿದ್ದವನು; ಅಂಗಡಿಯ ಸಾಮಾನು ಹೊರುತ್ತಿದ್ದ. ಕಾಲೇಜೇನಾಯಿತೆಂದು ಕೇಳಿದೆವು. “ಎರಡು ತಿಂಗಳಲ್ಲಿ ಬಿಟ್ಟೆ ಮಾಷ್ಟ್ರೇ. ಪಾಠ ಇಂಗ್ಲಿಷ್, ವಿವರಣೆ ಮಲಯಾಳ. ಒಂದೂ ಅರ್ಥವಾಗಲಿಲ್ಲ. ಎದ್ದು ಕೇಳಿದರೆ ಎಲ್ಲರೂ ನಗುತ್ತಿದ್ದರು” ಎಂದ. ಓದಿನಲ್ಲಿ ಆಸಕ್ತಿಯಿಲ್ಲವೆಂದು ಅವನ ಹೆಸರನ್ನು ಹೊಡೆದುಹಾಕಿದರಂತೆ. ಆಸಕ್ತಿಯಿಲ್ಲದವನು ಎದ್ದು ಕೇಳುವನೇ?

ನಾವೂ ನಿರ್ದೋಷಿಗಳಲ್ಲ. ಹತ್ತನೆಯ ತರಗತಿಯಲ್ಲಿ ನೂರಕ್ಕೆ ನೂರು ಎಂದು ಶಾಲೆಯ ಬಾಗಿಲಿಗೆ ಫಲಕ ಕಟ್ಟಿ ಬೀಗಿದ ನಾವು, ಆ ಮಕ್ಕಳು ಮುಂದೆ ಏನಾದರೆಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಆ ಸಂಜೆ ಮನೆಗೆ ಬಂದವರೇ, ಹತ್ತು ವರ್ಷಗಳಲ್ಲಿ ಕನ್ನಡ ವಿಭಾಗದಿಂದ ತೇರ್ಗಡೆಯಾದವರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆಯತೊಡಗಿದೆವು. ಹಲವು ಹೆಸರುಗಳ ಮುಂದಿನ ಸ್ಥಳ ಇನ್ನೂ ಬರಿದಾಗಿದೆ. ಪುಸ್ತಕವು ಬಾಗಿಲ ಬಳಿಯ ಮೇಜಿನ ಮೇಲಿದೆ. ತಮ್ಮ ಮನೆಯ, ನೆರೆಮನೆಯ ಮಕ್ಕಳ ಸಮಾಚಾರವನ್ನು ಬರೆಸಿ ಹೋಗಬೇಕೆಂದು ವಿನಂತಿ. ಕಾಲೇಜು ಬಿಟ್ಟವರಿದ್ದರೆ ಕಾರಣವನ್ನು ಅವರ ಬಾಯಿಂದಲೇ ಕೇಳಿ, ಅವರು ಹೇಳಿದಂತೆಯೇ ಬರೆಸಬೇಕು.