ಹೊಸ್ತಿಲಲ್ಲಿ ನಿಂತ ಸಕ್ಕರೆ ಕಾಯಿಲೆ ಮತ್ತು ಹಿರಿಯರ ತಾಲೀಮು

(ಜಾತ್ರಾ ಮಹೋತ್ಸವದ ನಿಮಿತ್ತ ತುರೋರಿಯಲ್ಲಿ ಜರುಗಿದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ದೇವರ ಸನ್ನಿಧಿಯಲ್ಲಿ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ.

ನಮ್ಮ ಭಾಗದ ಹಿರಿಯರಿಗೆ ಶಕ್ತಿಯ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಾವಿಯಿಂದ ನೀರು ಸೇದಿದವರು, ಜೋಳದ ಚೀಲ ಹೊತ್ತವರು, ಗರಡಿಮನೆಯಲ್ಲಿ ಬೈಠಕ್ ಹೊಡೆದವರು ನೀವು. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿ ಭೂಕಂಪವಾದಾಗ ಕಲ್ಲು, ಮಣ್ಣು ಎತ್ತಿ ಜನರನ್ನು ಹೊರತೆಗೆದ ತರುಣರು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ, ಹಲವರು ದಾಟಿದ್ದಾರೆ. ಅಂದು ಕಲ್ಲು ಎತ್ತಿದ ಕೈ ಇಂದು ನೆಲದಿಂದ ಏಳಲು ಗೋಡೆಯ ಆಸರೆ ಹುಡುಕುತ್ತದೆ. ಕೊಳವೆಬಾವಿ ಬಂತು, ಟ್ರ್ಯಾಕ್ಟರ್ ಬಂತು, ರಾಶಿ ಮಾಡುವ ಯಂತ್ರ ಬಂತು. ದುಡಿಮೆ ಇಳಿಯಿತು, ಊಟ ಮಾತ್ರ ಇಳಿಯಲಿಲ್ಲ.

ಇದರ ಫಲವನ್ನು ಅಂಕಿಗಳಲ್ಲಿ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿದ್ದಾರೆ. ವೈದ್ಯರು ಇದನ್ನು ಮಧುಮೇಹ ಪೂರ್ವಸ್ಥಿತಿ ಎನ್ನುತ್ತಾರೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 5.7ರಿಂದ 6.4ರ ನಡುವೆ ಬಂದರೆ ಹೊಸ್ತಿಲಲ್ಲಿದ್ದೀರಿ ಎಂದು ಅರ್ಥ. ಈ ಹಂತದಲ್ಲಿ ನೋವಿಲ್ಲ, ಜ್ವರವಿಲ್ಲ. ಆದ್ದರಿಂದ ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ.

ಹೊಸ್ತಿಲಿನಿಂದ ಹಿಂದಕ್ಕೆ ಬರಬಹುದೇ? ಬರಬಹುದು. ಅಮೆರಿಕದಲ್ಲಿ 3 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಿತ ಆಹಾರ ಮತ್ತು ವಾರಕ್ಕೆ 150 ನಿಮಿಷದ ವ್ಯಾಯಾಮದಿಂದ ಕಾಯಿಲೆ ಬರುವ ಸಂಭವ ಶೇಕಡಾ 58ರಷ್ಟು ತಗ್ಗಿತು. ಅರವತ್ತು ದಾಟಿದವರಲ್ಲಿ ಶೇಕಡಾ 71ರಷ್ಟು ತಗ್ಗಿತು. ನಮ್ಮ ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ನಡೆಸಿದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಶೇಕಡಾ 28ಕ್ಕಿಂತ ಹೆಚ್ಚು ತಗ್ಗಿತು. ವಯಸ್ಸಾಯಿತು, ಇನ್ನೇನು ಎನ್ನುವವರು ಈ ಮಾತನ್ನು ಗಮನಿಸಬೇಕು.

ಅಲ್ಲಿ ಮುಖ್ಯವಾಗಿ ಇದ್ದದ್ದು ನಡಿಗೆ. ನಡಿಗೆ ಬೇಕು, ಆದರೆ ಅದೊಂದೇ ಸಾಲದು. ಉಂಡ ಅನ್ನದ ಸಕ್ಕರೆಯನ್ನು ತುಂಬಿಡುವ ದೊಡ್ಡ ಕಣಜ ನಮ್ಮ ಮಾಂಸಖಂಡ. ವಯಸ್ಸಾದಂತೆ ಈ ಕಣಜ ಕುಗ್ಗುತ್ತದೆ, ಸಕ್ಕರೆ ರಕ್ತದಲ್ಲಿ ಉಳಿಯುತ್ತದೆ. ಮಾಂಸಖಂಡ ದುಡಿಯುವಾಗ ಇನ್ಸುಲಿನ್ ಮಂದವಾಗಿದ್ದರೂ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ, ಹಿರಿಯರು ವಾರಕ್ಕೆ ಕನಿಷ್ಠ ಎರಡು ದಿನ ಶಕ್ತಿ ಹೆಚ್ಚಿಸುವ ವ್ಯಾಯಾಮ ಮಾಡಬೇಕೆಂದು ಹೇಳಿತು. ಇದರಿಂದ ಬಿದ್ದು ಸೊಂಟ ಮುರಿದುಕೊಳ್ಳುವ ಭಯವೂ ಕಡಿಮೆಯಾಗುತ್ತದೆ.

ಕಲಿಸುವವರು ಎಲ್ಲಿ ಎಂದು ಕೇಳಬಹುದು. 2020ರ ಕೊರೋನಾ ಕಾಲದಲ್ಲಿ ಮೊಮ್ಮಕ್ಕಳ ಶಾಲೆ ಮೊಬೈಲಿಗೆ ಬಂದದ್ದನ್ನು ಕಂಡಿದ್ದೇವೆ. ತಾಲೀಮು ಕೂಡ ಹಾಗೆಯೇ ಬರುತ್ತದೆ. ನಮ್ಮ ಗಡಿಭಾಗಕ್ಕೆ ಇದರಲ್ಲಿ ಒಂದು ವಿಶೇಷ ಅನುಕೂಲವಿದೆ. ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಓದಿದ್ದು ಮರಾಠಿ, ಮನೆಯಲ್ಲಿ ಆಡುವುದು ಕನ್ನಡ. ಮೊಬೈಲಿನಲ್ಲಿಯಾದರೆ ಕಲಬುರಗಿಯ ಫಿಜಿಯೋಥೆರಪಿ ತಜ್ಞರು ಕನ್ನಡದಲ್ಲಿ, ಸೊಲ್ಲಾಪುರದವರು ಮರಾಠಿಯಲ್ಲಿ ಹೇಳಿಕೊಡಬಹುದು. ಆದರೆ ಬರೀ ಚಿತ್ರ ನೋಡಿ ಮಾಡುವುದು ಬೇರೆ, ಕಲಿಸುವವರು ನಮ್ಮನ್ನು ನೋಡುತ್ತ ತಿದ್ದುವುದು ಬೇರೆ. ಎರಡನೆಯದನ್ನೇ ಆರಿಸಿಕೊಳ್ಳಿ. ಮೊಬೈಲನ್ನು ಆರೇಳು ಅಡಿ ದೂರದಲ್ಲಿ, ಮೈಯೆಲ್ಲ ಕಾಣುವಂತೆ ಇಡಿ. ಮೊದಲ ಕೆಲವು ವಾರ ಮನೆಯವರೊಬ್ಬರು ಹತ್ತಿರವಿರಲಿ.

ಮಾಡಬೇಕಾದ್ದು ಕಠಿಣವೇನಲ್ಲ. ಗೋಡೆಗೆ ತಾಗಿಸಿದ ಗಟ್ಟಿ ಕುರ್ಚಿಯಿಂದ ಎದ್ದು ಕೂಡುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ಕುರ್ಚಿ ಹಿಡಿದು ಹಿಮ್ಮಡಿ ಎತ್ತುವುದು, ನೀರು ತುಂಬಿದ ಬಾಟಲಿ ಎತ್ತಿ ಇಳಿಸುವುದು. ಒಂದೊಂದನ್ನು ಎಂಟು ಹತ್ತು ಸಲ, ದಿನ ಬಿಟ್ಟು ದಿನ. ಹಗುರವೆನಿಸಿದಾಗ ಸ್ವಲ್ಪ ಹೆಚ್ಚಿಸಬೇಕು. ಉಸಿರು ಬಿಗಿಹಿಡಿಯಬಾರದು.

ಎಚ್ಚರದ ಮಾತೂ ಇದೆ. ಎದೆನೋವು, ರಕ್ತದೊತ್ತಡ, ಕಣ್ಣಿನ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಮಾಡುವಾಗ ಎದೆ ಹಿಡಿದಂತಾದರೆ, ತಲೆ ತಿರುಗಿದರೆ ತಕ್ಷಣ ನಿಲ್ಲಿಸಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದು ಬಿಡಬಹುದು. ಅವರು ಮೊದಲೇ ಸಲಹೆ ಪಡೆಯಲಿ. ಮಾತ್ರೆ ಬಿಡಿ, ಹತ್ತು ದಿನದಲ್ಲಿ ಗುಣ ಮಾಡುತ್ತೇವೆ ಎಂದು ಮೊಬೈಲಿನಲ್ಲಿ ಹೇಳಿ ಹಣ ಕೇಳುವವರನ್ನು ನಂಬಬೇಡಿ. ಮೂವತ್ತು ದಾಟಿದವರಿಗೆ ಸಕ್ಕರೆ ತಪಾಸಣೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಇ-ಸಂಜೀವನಿ ಮೂಲಕ ದೂರದ ವೈದ್ಯರ ಸಲಹೆಯೂ ಸಿಗುತ್ತದೆ.

ಸಮಿತಿಯವರಲ್ಲಿ ಒಂದು ವಿನಂತಿ. ಜಾತ್ರೆ ಮುಗಿದ ಮೇಲೆ ವಾರಕ್ಕೆ ಎರಡು ದಿನ, ಅರ್ಧ ಗಂಟೆ, ದೇವಸ್ಥಾನದ ಸಭಾಮಂಟಪವನ್ನು ಈ ಕೆಲಸಕ್ಕೆ ಕೊಡಿ. ಒಂದು ಟಿವಿ, ಒಂದು ಮೊಬೈಲು, ಹತ್ತು ಕುರ್ಚಿ ಸಾಕು. ಯಂತ್ರ ಜೋಡಿಸುವ ಸೇವೆಯನ್ನು ನಮ್ಮ ತರುಣರು ವಹಿಸಿಕೊಳ್ಳಲಿ. ಮನೆಯಲ್ಲಿ ಒಬ್ಬರೇ ಮಾಡುವುದು ನಾಲ್ಕು ದಿನಕ್ಕೆ ನಿಂತುಹೋಗುತ್ತದೆ. ಹತ್ತು ಜನ ಕೂಡಿದರೆ ನಡೆಯುತ್ತದೆ. ತಾಯಂದಿರೂ ಸಂಕೋಚ ಬಿಟ್ಟು ಬರಬೇಕು.

ಹುಗ್ಗಿ, ಹೋಳಿಗೆ ಹಬ್ಬದ ದಿನ ಒಂದು ತುತ್ತು ಇರಲಿ, ಬೇಡವೆನ್ನುವುದಿಲ್ಲ. ಪ್ರಸಾದ ಪ್ರಸಾದದಷ್ಟೇ ಇರಲಿ. ಮುಂದಿನ ಜಾತ್ರೆಗೆ ನಮ್ಮ ಹಿರಿಯರು ಯಾರ ಕೈಯನ್ನೂ ಹಿಡಿಯದೆ ಗುಡಿಯ ಮೆಟ್ಟಿಲು ಏರಿ ಬರುವಂತಾಗಲಿ ಎಂದು ಪ್ರಾರ್ಥಿಸುತ್ತೇನೆ.