ನಿದ್ರಿಸುವ ಚಿಪ್, ಎಚ್ಚರದ ಗಡಿಯಾರ
(ಶತಮಾನೋತ್ಸವದ ವಿಜ್ಞಾನಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಕಾಸರಗೋಡಿನ ಕನ್ನಡ ಶಾಲೆಗೆ ಮಗುವನ್ನು ಸೇರಿಸುವ ಮುನ್ನ ಹೆತ್ತವರು ಕೇಳುವುದುಂಟು: ‘ಇಂದಿನ ತಂತ್ರವಿದ್ಯೆ ಕನ್ನಡದಲ್ಲಿ ದಕ್ಕೀತೇ?’ ಪ್ರಶ್ನೆ ನ್ಯಾಯವಾದುದೇ. ನಮ್ಮ ‘ಲಿಟಲ್ ಕೈಟ್ಸ್’ ಮಕ್ಕಳು ಬಳಸುವ ಆರ್ಡುಯಿನೊ ಊನೊ ಫಲಕದ ಒಂದು ಸಂಗತಿಯನ್ನು ವಿವರಿಸುವ ಮೂಲಕ ಉತ್ತರಿಸಲೆತ್ನಿಸುತ್ತೇನೆ.

ಆ ಫಲಕದ ಮೆದುಳು ಎಟಿಮೆಗಾ 328ಪಿ ಎಂಬ ಮೈಕ್ರೋಕಂಟ್ರೋಲರ್. ಅಡಿಕೆ ತೋಟದ ಮಣ್ಣಿನ ತೇವವನ್ನಳೆಯಲು ಅದನ್ನು ನಿಯೋಜಿಸಿದೆವೆನ್ನೋಣ. ಅಳೆಯುವ ಕೆಲಸ ಕ್ಷಣಾರ್ಧದ್ದು. ಉಳಿದ ಹೊತ್ತೆಲ್ಲ ಎಚ್ಚರವಿದ್ದರೆ ಬ್ಯಾಟರಿ ವ್ಯರ್ಥವಾಗಿ ಬರಿದಾಗುತ್ತದೆ. ಆದುದರಿಂದ ಅದಕ್ಕೆ 6 ಬಗೆಯ ನಿದ್ರಾಸ್ಥಿತಿಗಳನ್ನು ಕಲ್ಪಿಸಲಾಗಿದೆ. ‘ಐಡಲ್’ ಎಂಬುದು ಹಗುರ ನಿದ್ರೆ. ಸಂಸ್ಕಾರಕ ಮಾತ್ರ ವಿರಮಿಸುತ್ತದೆ, ಉಳಿದ ಭಾಗಗಳು ದುಡಿಯುತ್ತಿರಬಲ್ಲವು. ‘ಪವರ್ ಡೌನ್’ ಗಾಢನಿದ್ರೆ. ಮುಖ್ಯ ಗಡಿಯಾರದ ಮಿಡಿತವೂ ನಿಲ್ಲುತ್ತದೆ, ಆದರೆ ನೆನಪು ಅಳಿಯುವುದಿಲ್ಲ. 1.8 ವೋಲ್ಟ್, 1 ಮೆಗಾಹರ್ಟ್ಸ್‌ನಲ್ಲಿ ಎಚ್ಚರವಿರುವಾಗ ಸುಮಾರು 200 ಮೈಕ್ರೋ ಆಂಪಿಯರ್ ಬೇಡುವ ಚಿಪ್ಪಿಗೆ ಗಾಢನಿದ್ರೆಯಲ್ಲಿ ಸುಮಾರು 0.1 ಮೈಕ್ರೋ ಆಂಪಿಯರ್ ಸಾಕು. ಅಂದರೆ ಎರಡು ಸಾವಿರದಲ್ಲೊಂದು ಪಾಲು!

ಮಲಗಿದುದನ್ನು ಎಬ್ಬಿಸುವವರಾರು? ಹೊರಗಿನಿಂದ ಬರುವ ಸಂಕೇತ, ಇಲ್ಲವೇ ‘ವಾಚ್‌ಡಾಗ್’ ಎಂಬ ಒಳಗಿನ ಕಾವಲು ಗಡಿಯಾರ. ಅದರ ಅತಿ ದೀರ್ಘ ಅವಧಿ ಸುಮಾರು 8 ಸೆಕೆಂಡು. 10 ನಿಮಿಷಕ್ಕೊಮ್ಮೆ ಅಳೆಯಬೇಕಾದರೆ ಚಿಪ್ 75 ಬಾರಿ ಎದ್ದು, ಎಣಿಸಿ, 75ನೆಯ ಸಲ ಅಳೆದು ಮತ್ತೆ ಮಲಗಬೇಕು. ಕಾವಲುಗಾರನಿಗೂ ಕೂಲಿಯುಂಟು: 3 ವೋಲ್ಟಿನಲ್ಲಿ ಈ ಗಡಿಯಾರ ನಡೆಯುತ್ತಿದ್ದರೆ ಬಳಕೆ ಸುಮಾರು 4 ಮೈಕ್ರೋ ಆಂಪಿಯರಿಗೇರುತ್ತದೆ.

ಇನ್ನೊಂದು ಮಾತು. ಚಿಪ್ ಮಲಗಿದರೂ ಫಲಕದ ಸೂಚಕ ದೀಪ, ವೋಲ್ಟೇಜ್ ನಿಯಂತ್ರಕ, ಯುಎಸ್‌ಬಿ ಚಿಪ್ ವಿದ್ಯುತ್ತನ್ನು ಹೀರುತ್ತಲೇ ಇರುತ್ತವೆ. ಒಬ್ಬರು ಮಲಗಿದಾಕ್ಷಣ ಮನೆಯ ದೀಪಗಳೆಲ್ಲ ಆರುವುದಿಲ್ಲವಷ್ಟೆ! ತೋಟದಲ್ಲಿ ತಿಂಗಳುಗಟ್ಟಲೆ ಇರಿಸುವುದಾದರೆ ಫಲಕವನ್ನು ಬಿಟ್ಟು ಚಿಪ್ಪನ್ನು ಮಾತ್ರ ಬಳಸುವುದು ಲೇಸು.

ಬಂಧುಗಳೇ, ಇಲ್ಲಿ ಹೆಸರುಗಳು ಕೆಲವು ಇಂಗ್ಲಿಷಿನವು. ತರ್ಕವೆಲ್ಲ ಕನ್ನಡದಲ್ಲೇ ನಡೆಯಿತು. ನಾಳೆ ಕಾಲೇಜಿನಲ್ಲಿ ಇಂಗ್ಲಿಷ್ ಪುಸ್ತಕ ತೆರೆದಾಗ ನಮ್ಮ ಮಕ್ಕಳಿಗೆ ಪದ ಹೊಸದೆನಿಸೀತು, ವಿಷಯ ಹೊಸದಾಗದು. ಇಂದು ಮನೆಯಲ್ಲಿ ಅವರನ್ನು ಕೇಳಿ: ‘ಮಲಗಿದ ಚಿಪ್ಪನ್ನು ಎಬ್ಬಿಸುವುದು ಯಾವುದು?’ ಉತ್ತರ ತುಳುವಿನಲ್ಲಿ ಬರಲಿ, ಮಲಯಾಳದಲ್ಲಿ ಬರಲಿ, ಸಂತೋಷವೇ. ಕನ್ನಡದಲ್ಲಿ ಕಲಿತುದನ್ನು ಮನೆಮಾತಿನಲ್ಲಿ ತಿಳಿಹೇಳಬಲ್ಲ ಮಗು ಯಾವ ಭಾಷೆಯ ಪಾಠಕ್ಕೂ ಅಂಜಲಾರದು.